ತಲೆದೂಗುವುದೂ ತಲೆಬಾಗುವುದೂ

(ಬಾನುಲಿ ಭಾಷಣ)

ಇಂಗ್ಲಿಷಿನಲ್ಲಿ ಮೂರೇ ಅಕ್ಷರಗಳ ಒಂದು ಪುಟ್ಟ ಶಬ್ದವಿದೆ: ‘ನಾಡ್’. ಕೊಡಗಿನ ಕೇಳುಗರು ಇದನ್ನು ಕೇಳಿದೊಡನೆ ಹನ್ನೆರಡು ಕೊಂಬು, ಮೂವತ್ತೈದು ನಾಡುಗಳನ್ನು ನೆನೆದುಕೊಂಡರೆ ಆಶ್ಚರ್ಯವಿಲ್ಲ. ಕೊಡವ ತಕ್ಕಿನಲ್ಲಿ ‘ನಾಡ್’ ಎಂದರೆ ನೆಲ, ಸೀಮೆ. ಇಂಗ್ಲಿಷಿನ ‘ನಾಡ್’ ಎಂದರಾದರೋ ತಲೆಯ ಒಂದು ಸಣ್ಣ ಚಲನೆ. ತಲೆಯನ್ನು ಮುಂದಕ್ಕೆ ಒಮ್ಮೆ ತಗ್ಗಿಸಿ ಎತ್ತಿದರೆ ಮುಗಿಯಿತು. ಇಷ್ಟು ಚಿಕ್ಕ ಕ್ರಿಯೆಗೆ ಎಷ್ಟು ಅರ್ಥಗಳಿರಬಹುದು, ಆ ಅರ್ಥಗಳನ್ನು ನಮ್ಮ ಕನ್ನಡ ಎಷ್ಟು ಮಾತುಗಳಲ್ಲಿ ಹಂಚಿಕೊಂಡಿದೆ, ಹಾಗೆ ಹಂಚಿಕೊಂಡದ್ದರಿಂದ ನಮಗೇನಾದರೂ ಪ್ರಯೋಜನವಿದೆಯೆ ಎಂಬುದು ಇಂದಿನ ಮಾತಿನ ವಿಷಯ.

ಇಂಗ್ಲಿಷ್ ದಿನಪತ್ರಿಕೆಗಳನ್ನು ಓದುವವರಿಗೆ ಈ ಶಬ್ದ ನಿತ್ಯದ ಪರಿಚಯ. ಸಂಪುಟದ ‘ನಾಡ್’, ಕೇಂದ್ರದ ‘ನಾಡ್’, ನ್ಯಾಯಾಲಯದ ‘ನಾಡ್’. ತಲೆಬರಹದಲ್ಲಿ ಜಾಗ ಕಡಿಮೆ. ಅಲ್ಲಿ ಅನುಮೋದನೆ, ಅಂಗೀಕಾರ ಎಂಬ ಉದ್ದದ ಶಬ್ದಗಳಿಗಿಂತ ಮೂರಕ್ಷರದ ಶಬ್ದ ಸಂಪಾದಕನಿಗೆ ಪ್ರಿಯ. ಕನ್ನಡ ಪತ್ರಿಕೆಗಳು ಈ ಸ್ಥಾನದಲ್ಲಿ ‘ಅಸ್ತು’ ಎನ್ನುತ್ತವೆ. ‘ಹಸಿರು ನಿಶಾನೆ’ ಎನ್ನುತ್ತವೆ. ಒಮ್ಮೊಮ್ಮೆ ಬರಿಯ ‘ಸಮ್ಮತಿ’ ಎನ್ನುತ್ತವೆ. ಅಸ್ತು ಎಂಬುದು ಋಷಿಗಳ ಬಾಯಿಂದ ಬಂದ ಮಾತು. ಹಸಿರು ನಿಶಾನೆ ರೈಲ್ವೆ ಗಾರ್ಡಿನ ಕೈಯಿಂದ ಬಂದದ್ದು. ರೈಲೇ ಇಲ್ಲದ ಕೊಡಗು ಜಿಲ್ಲೆಯ ಯೋಜನೆಗೂ ಹಸಿರು ನಿಶಾನೆಯೇ ಸಿಗುತ್ತದೆಂಬುದು ಭಾಷೆಯ ವಿನೋದಗಳಲ್ಲೊಂದು. ಇದರಿಂದ ತೊಂದರೆಯೇನೂ ಇಲ್ಲ. ಆದರೆ ದಿನವೂ ಈ ಒಂದೇ ಅರ್ಥವನ್ನು ಓದಿ ಓದಿ, ತಲೆಯಾಡಿಸುವುದೆಂದರೆ ಒಪ್ಪುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಡುತ್ತದೆ. ಅದು ಮಾತ್ರ ಯೋಚಿಸತಕ್ಕ ಸಂಗತಿ.

ಇಂಗ್ಲಿಷಿನಲ್ಲಿಯೇ ಆ ಶಬ್ದಕ್ಕೆ ಅದೊಂದೇ ಅರ್ಥವಿಲ್ಲ. ದಾರಿಯಲ್ಲಿ ಎದುರಾದ ಪರಿಚಿತನಿಗೆ ತಲೆ ತಗ್ಗಿಸಿದರೆ ಅದು ವಂದನೆ. ಮೇಜಿನ ಆಚೆಯಿಂದ ಅಧಿಕಾರಿ ತಲೆ ತಗ್ಗಿಸಿದರೆ ಅಪ್ಪಣೆ. ಗಾಳಿಗೆ ಹೂವು ಬಾಗಿದರೆ ಅದೂ ‘ನಾಡ್’. ಕುಳಿತಲ್ಲೇ ನಿದ್ದೆ ಹತ್ತಿ ತಲೆ ಎದೆಗೆ ಬಿದ್ದರೆ ಅದೂ ಅದೇ. ಮಹಾಕವಿ ಹೋಮರನೂ ಒಮ್ಮೊಮ್ಮೆ ತೂಕಡಿಸುತ್ತಾನೆ ಎಂಬ ಅಭಿಪ್ರಾಯವನ್ನು ರೋಮಿನ ಕವಿ ಹೊರೇಸ್ ಬರೆದಿಟ್ಟ. ಅದು ಇಂಗ್ಲಿಷಿಗೆ ಬಂದಾಗ ಇದೇ ಶಬ್ದವನ್ನು ತೊಟ್ಟುಕೊಂಡಿತು. ಬೈಬಲಿನ ಆದಿಕಾಂಡದಲ್ಲಿ ತಮ್ಮನನ್ನು ಕೊಂದ ಕಾಯಿನನು ಹೋಗಿ ನೆಲಸಿದ ದೇಶದ ಹೆಸರು ‘ನೋದ್’. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಅಲೆದಾಟವೆಂದರ್ಥ. ಇಂಗ್ಲಿಷಿನಲ್ಲಿ ಅದರ ಉಚ್ಚಾರ ‘ನಾಡ್’ ಎಂದಾದದ್ದೇ ತಡ, ಹದಿನೆಂಟನೆಯ ಶತಮಾನದ ವಿನೋದಪ್ರಿಯರು ಆ ಶಾಪದ ದೇಶವನ್ನು ನಿದ್ರಾದೇಶವನ್ನಾಗಿ ಮಾಡಿಕೊಂಡರು. ಇನ್ನೊಂದು ಕಡೆ, ಲ್ಯಾಟಿನಿನಲ್ಲಿ ದೈವಶಕ್ತಿಗೆ ಇರುವ ‘ನ್ಯೂಮೆನ್’ ಎಂಬ ಶಬ್ದ ತಲೆಯಾಡಿಸುವ ಕ್ರಿಯೆಯಿಂದಲೇ ಹುಟ್ಟಿದ್ದು. ದೇವರು ತಲೆಯಾಡಿಸಿದರೆ ಆಯಿತು, ಅದೇ ಅವನ ಸಂಕಲ್ಪ. ಹೋಮರನ ಇಲಿಯಡ್ ಕಾವ್ಯದ ಮೊದಲ ಸರ್ಗದಲ್ಲಿ ದೇವರಾಜ ಸ್ಯೂಸ್ ಒಮ್ಮೆ ತಲೆಬಾಗಿಸಿ ವರವೀಯುತ್ತಾನೆ. ಹಾಗೆ ಕೊಟ್ಟದ್ದನ್ನು ಹಿಂತೆಗೆಯುವಂತಿಲ್ಲ. ಹೀಗೆ ಒಂದೇ ಶಬ್ದದ ಸುತ್ತ ದೇವರ ಸಂಕಲ್ಪವೂ ಮುದುಕನ ಜೊಂಪೂ ನೆರೆದಿವೆ. ಯಾವುದು ಯಾವುದೆಂದು ತಿಳಿಯುವ ಹೊಣೆ ಕೇಳುವವನದು.

ಕನ್ನಡ ಬೇರೆ ದಾರಿ ಹಿಡಿಯಿತು. ಅದು ಈ ಹೊಣೆಯನ್ನು ಶಬ್ದಗಳಿಗೇ ಹಂಚಿಕೊಟ್ಟಿತು. ಮೊದಲು ‘ತಲೆದೂಗು’ ಎಂಬ ಮಾತನ್ನು ನೋಡಿ. ಸಂಗೀತಕ್ಕೆ ತಲೆದೂಗುತ್ತೇವೆ, ಕಾವ್ಯಕ್ಕೆ ತಲೆದೂಗುತ್ತೇವೆ. ಸಾಲಪತ್ರಕ್ಕೆ ಯಾರೂ ತಲೆದೂಗುವುದಿಲ್ಲ. ತೂಗುವುದೆಂದರೆ ತೊಟ್ಟಿಲು ತೂಗುವುದೂ ಹೌದು, ತಕ್ಕಡಿಯಲ್ಲಿ ತೂಗುವುದೂ ಹೌದು. ತಲೆದೂಗುವ ರಸಿಕನ ತಲೆ ತೊಟ್ಟಿಲಿನಂತೆ ಓಲಾಡುತ್ತದೆ, ತಕ್ಕಡಿಯಂತೆ ಬೆಲೆಯನ್ನೂ ಕಟ್ಟುತ್ತದೆ. ಅದೇ ತೂಗಿನ ಬಳಗದ್ದು ‘ತೂಕಡಿಸು’. ತಮಿಳಿನಲ್ಲಿ ‘ತೂಂಗು’ ಎಂದರೆ ಜೋತಾಡುವುದೂ ಆಗುತ್ತದೆ, ನಿದ್ರಿಸುವುದೂ ಆಗುತ್ತದೆ. ಕೊಡವರ ಐನ್‌ಮನೆಯ ನಡುಮನೆಯಲ್ಲಿ ತೂಗುಹಾಕಿರುವ ದೀಪಕ್ಕೆ ‘ತೂಕ್ ಬೊಳ್ಚ’ ಎಂದು ಹೆಸರು. ಅಲ್ಲಿಯೂ ಇದೇ ಧಾತು ಬೆಳಗುತ್ತಿದೆ. ಆದರೆ ಕನ್ನಡದ ಕಿವಿಗೆ ತಲೆದೂಗುವವನಿಗೂ ತೂಕಡಿಸುವವನಿಗೂ ಇರುವ ಅಂತರ ದೊಡ್ಡದು. ಕವಿಗೋಷ್ಠಿಯ ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ ಯಾರು ಯಾವುದನ್ನು ಮಾಡುತ್ತಿದ್ದಾರೆಂಬುದು ವೇದಿಕೆಯ ಮೇಲಿನ ಕವಿಗೆ ಬಹು ಬೇಗ ತಿಳಿಯುತ್ತದೆ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಎಂಬ ಗಾದೆ ಆ ಕವಿಗಾಗಿಯೇ ಹುಟ್ಟಿತೋ ಏನೋ.

‘ತಲೆಬಾಗು’ ಎಂಬುದು ಇನ್ನೊಂದು. ಗುರುವಿಗೆ, ಹಿರಿಯರಿಗೆ, ದೈವಕ್ಕೆ ತಲೆಬಾಗುತ್ತೇವೆ. ಅಲ್ಲಿ ಗೌರವವಿದೆ. ಬಲವಂತನಿಗೂ ತಲೆಬಾಗುತ್ತೇವೆ. ಅಲ್ಲಿರುವುದು ಸೋಲು. ‘ತಲೆತಗ್ಗಿಸು’ ಎಂದರೆ ನಾಚಿಕೆ ಅಥವಾ ಅವಮಾನ. ‘ತಲೆಕೊಡವು’ ಎಂದರೆ ನಿರಾಕರಣೆ. ಉತ್ತರದ ಕಡೆ ‘ಗೋಣು ಹಾಕಿದ’ ಎನ್ನುತ್ತಾರೆ. ಅದರಲ್ಲಿ ಒಪ್ಪಿಗೆಯಿದ್ದರೂ, ಯೋಚಿಸದೆ ಒಪ್ಪಿದನೆಂಬ ಒಂದು ಎಳೆ ಒಳಗೇ ಇರುತ್ತದೆ. ಆ ಎಳೆಯನ್ನು ಹಗ್ಗವಾಗಿ ಹೊಸೆದು ತೋರಿಸುವವನು ಕೋಲೆ ಬಸವ. ಬಣ್ಣದ ಬಟ್ಟೆ ಹೊದ್ದು ವಾಲಗದೊಡನೆ ಮನೆ ಬಾಗಿಲಿಗೆ ಬರುವ ಆ ಬಡಪಾಯಿ ಎತ್ತು, ಈ ವರ್ಷ ಮಳೆ ಬರುತ್ತದೆಯೆ ಎಂದರೂ ತಲೆಯಾಡಿಸುತ್ತದೆ, ಮಗಳ ಮದುವೆಯಾಗುತ್ತದೆಯೆ ಎಂದರೂ ತಲೆಯಾಡಿಸುತ್ತದೆ. ಉತ್ತರ ಬರುವುದು ಬಸವನ ಮನಸ್ಸಿನಿಂದಲ್ಲ, ಹಿಡಿದವನ ಸನ್ನೆಯಿಂದ. ಸಭೆ ಸಮಿತಿಗಳಲ್ಲಿ ಕೂರುವ ಕೆಲವರನ್ನು ಜನ ಕೋಲೆ ಬಸವ ಎಂದು ಕರೆಯುವುದು ಸುಮ್ಮನೆ ಅಲ್ಲ.

ತಲೆಯಾಡಿಸುವಿಕೆಗೆ ದನಿಯ ರೂಪವೂ ಉಂಟು, ಅದು ‘ಹೂಂಗುಟ್ಟುವುದು’. ಅಜ್ಜಿ ಕಥೆ ಹೇಳುವಾಗ ಮೊಮ್ಮಗು ಹೂಂಗುಡಬೇಕು. ಹೂಂಗುಡದಿದ್ದರೆ ಕಥೆ ನಿಲ್ಲುತ್ತದೆ. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಎಂದಾಗ ಮಗು ‘ಹೂಂ’ ಎಂದರೆ, ರಾಕ್ಷಸನ ಕೃತ್ಯಕ್ಕೆ ಅದರ ಒಪ್ಪಿಗೆಯಿದೆಯೆಂದಲ್ಲ. ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂದಷ್ಟೇ. ಬಾನುಲಿಯಲ್ಲಿ ಮಾತನಾಡುವವನಿಗೆ ಇಲ್ಲದ ಭಾಗ್ಯವೆಂದರೆ ಇದೊಂದೇ. ಎದುರಿಗೆ ತಲೆದೂಗುವವರೂ ಇಲ್ಲ, ಹೂಂಗುಟ್ಟುವವರೂ ಇಲ್ಲ.

ಈ ಶಬ್ದಗಳನ್ನೆಲ್ಲ ಕಲೆಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಮಂಗಳೂರು, ಧಾರವಾಡಗಳಲ್ಲಿ ಮಾತ್ರವಲ್ಲ, ನಮ್ಮ ಮಡಿಕೇರಿಯಲ್ಲಿಯೂ ಇದ್ದು ದುಡಿದವನು. ಸುಮಾರು 70,000 ಶಬ್ದಗಳ ಅವನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ನಿಘಂಟು ಶಬ್ದದ ಎದುರಿಗೆ ಶಬ್ದವನ್ನು ಇಡಬಲ್ಲದು. ಆದರೆ ಎದುರಿಗೆ ಕುಳಿತ ಮನುಷ್ಯನ ತಲೆ ಅಲ್ಲಾಡಿದಾಗ ಅದು ಯಾವ ಶಬ್ದವೆಂಬುದನ್ನು ಯಾವ ನಿಘಂಟೂ ಹೇಳಲಾರದು.

ಹಾಗೆ ಹೇಳುವ ಪ್ರಯತ್ನ ನಮ್ಮಲ್ಲಿ ಬಹು ಹಿಂದೆಯೇ ನಡೆದಿತ್ತು. ಭರತನ ನಾಟ್ಯಶಾಸ್ತ್ರ ಹದಿಮೂರು ಬಗೆಯ ಶಿರೋಭೇದಗಳನ್ನು ಎಣಿಸುತ್ತದೆ. ನಂದಿಕೇಶ್ವರನ ಅಭಿನಯದರ್ಪಣ ಒಂಬತ್ತನ್ನು ಹೇಳುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ‘ಕಂಪಿತ’. ಅದರ ವಿನಿಯೋಗಗಳಲ್ಲಿ ಕೋಪವೂ ಸೇರಿದೆ, ಪ್ರಶ್ನೆಯೂ ಸೇರಿದೆ. ಬಲಕ್ಕೂ ಎಡಕ್ಕೂ ತಿರುಗಿಸಿದರೆ ‘ಧುತ’, ಅದು ಇಲ್ಲವೆನ್ನುವುದು. ಚಾಮರದಂತೆ ಎರಡು ಪಕ್ಕಕ್ಕೂ ಓಲಾಡಿಸಿದರೆ ‘ಪರಿವಾಹಿತ’. ಮೋಹ, ವಿರಹ, ಸ್ತೋತ್ರ, ಸಂತೋಷ, ವಿಚಾರ ಇವುಗಳ ಜೊತೆಯಲ್ಲಿ ‘ಅನುಮೋದನೆ’ಯನ್ನೂ ಶಾಸ್ತ್ರಕಾರ ಇದಕ್ಕೆ ಸೇರಿಸಿದ್ದಾನೆ. ಪರದೇಶಗಳಿಂದ ಬಂದವರು ನಮ್ಮ ಜನ ಹೌದೆನ್ನುತ್ತಾರೋ ಇಲ್ಲವೆನ್ನುತ್ತಾರೋ ತಿಳಿಯದೆಂದು ಬೆರಗಾಗುವುದು ಈ ಓಲಾಟವನ್ನು ಕಂಡೇ. ಅವರ ಬೆರಗಿಗೆ ನಮ್ಮ ಶಾಸ್ತ್ರದಲ್ಲಿ ಉತ್ತರವಿದೆ. ಆದರೆ ಆ ಉತ್ತರದಲ್ಲಿಯೂ ಅನುಮೋದನೆ ಹಲವು ಅರ್ಥಗಳಲ್ಲಿ ಒಂದೇ ಒಂದು ಎಂಬುದನ್ನು ಮರೆಯಬಾರದು.

ಬೇರೆ ದೇಶಗಳದೂ ಇದೇ ಕಥೆ. ಬಲ್ಗೇರಿಯಾದಲ್ಲಿ ತಲೆಯನ್ನು ಪಕ್ಕಕ್ಕೆ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಚಾರ್ಲ್ಸ್ ಡಾರ್ವಿನ್ ಭಾವಾಭಿವ್ಯಕ್ತಿಯನ್ನು ಕುರಿತ ತನ್ನ ಗ್ರಂಥವನ್ನು 1872ರಲ್ಲಿ ಪ್ರಕಟಿಸಿದ. ಅದಕ್ಕಾಗಿ ಹಲವು ದೇಶಗಳ ಪರಿಚಿತರಿಗೆ ಪ್ರಶ್ನೆಗಳನ್ನು ಕಳಿಸಿ ಉತ್ತರ ತರಿಸಿಕೊಂಡಿದ್ದ. ಮೊಲೆಯುಣ್ಣಲು ಒಲ್ಲದ ಕೂಸು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಇಲ್ಲವೆನ್ನುವ ತಲೆಯಾಟದ ಮೂಲ ಅದಿರಬಹುದು ಎಂದು ಅವನ ಊಹೆ. ಭಾರತದಿಂದ ಬಂದ ಒಂದು ಉತ್ತರದಲ್ಲಿ, ಇಲ್ಲಿಯ ಜನ ತಲೆಯನ್ನು ಥಟ್ಟನೆ ಹಿಂದಕ್ಕೆ ಎಸೆದು ಲೊಚಗುಟ್ಟಿ ನಿರಾಕರಿಸುತ್ತಾರೆ ಎಂದಿತ್ತು. ನಮ್ಮ ಸಂತೆಗಳಲ್ಲಿ ಇಂದೂ ಕಾಣುವ ದೃಶ್ಯವೇ ಅದು. ತಲೆಯ ಭಾಷೆ ಸಾರ್ವತ್ರಿಕವೆಂದು ಹೇಳಹೊರಟವನಿಗೂ ಊರೂರಿನ ವ್ಯತ್ಯಾಸವನ್ನು ಬರೆದಿಡದೆ ವಿಧಿಯಿರಲಿಲ್ಲ.

ಇಷ್ಟಾದರೂ, ಇದೆಲ್ಲ ಪಂಡಿತರ ವಿನೋದ, ಇದರಿಂದ ಯಾರಿಗೇನು ಎಂದು ಕೇಳಬಹುದು. ಕೊಡಗಿನಲ್ಲಿ ಬದುಕುವವರಿಗೆ ಇದು ವಿನೋದ ಮಾತ್ರವಲ್ಲ. ಈ ಚಿಕ್ಕ ಜಿಲ್ಲೆಯಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಕನ್ನಡ, ಮಲಯಾಳ, ತುಳು ಇವೆ. ಎರವರ ಮಾತು, ಕುರುಬರ ಮಾತು ಬೇರೆ ಇವೆ. ಕಾಫಿ ತೋಟದ ಕಣದಲ್ಲಿ ರೈಟರ್ ಕನ್ನಡದಲ್ಲಿ ಲೆಕ್ಕ ಓದಿ ಹೇಳುತ್ತಾನೆ: ಇಷ್ಟು ದಿನದ ಕೂಲಿ, ಇಷ್ಟು ಮುಂಗಡ, ಇಷ್ಟು ಕಳೆದು ಇಷ್ಟು ಬಾಕಿ. ಎದುರಿಗೆ ನಿಂತ ಆಳು ತಲೆಯಾಡಿಸುತ್ತಾನೆ. ಪುಸ್ತಕದಲ್ಲಿ ಅದು ಒಪ್ಪಿಗೆಯೆಂದು ದಾಖಲಾಗುತ್ತದೆ. ಅವನು ಆಡಿಸಿದ ತಲೆ ಹೂಂಗುಟ್ಟುವ ಮಗುವಿನದೋ, ಬಲವಂತನ ಮುಂದೆ ಬಾಗಿದವನದೋ ಎಂದು ಕೇಳಿದವರು ಯಾರು? ಜೀತಪದ್ಧತಿಯನ್ನು ರದ್ದುಮಾಡಿದ ಕಾನೂನು 1976ರಲ್ಲಿ ಬಂತು. ಅದಕ್ಕೆ ಮುಂಚೆ ದೇಶದ ಎಷ್ಟೋ ಕಡೆಗಳಲ್ಲಿ ತಲೆಮಾರುಗಳ ದುಡಿಮೆ ಇಂಥ ಮಾತಿಲ್ಲದ ಒಪ್ಪಿಗೆಯ ಮೇಲೆಯೇ ನಿಂತಿತ್ತು.

ಇಡೀ ಸೀಮೆಯೇ ಹೀಗೆ ತಲೆಯಾಡಿಸಿತೆಂದು ಬರೆದಿಟ್ಟ ಉದಾಹರಣೆಯೂ ನಮ್ಮ ಚರಿತ್ರೆಯಲ್ಲಿದೆ. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರಿಗೆ ಆ ರಾಜನ ಪತನದ ಕಥೆ ತಿಳಿದೇ ಇದೆ. ಅದೇ ವರ್ಷ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕಂಪೆನಿ ಸರ್ಕಾರದ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಾದುದರಿಂದ ಸೀಮೆಯನ್ನು ವಶಕ್ಕೆ ತೆಗೆದುಕೊಳ್ಳಲಾಗಿದೆ ಎಂಬ ಅಭಿಪ್ರಾಯವಿದೆ. ಕೋಟೆಯಲ್ಲಿ ಸೈನ್ಯವಿಟ್ಟುಕೊಂಡು ಕೇಳಿದ ಪ್ರಶ್ನೆಗೆ ಒಮ್ಮತವಲ್ಲದೆ ಬೇರೆ ಯಾವ ಉತ್ತರ ಬಂದೀತು? ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ಕಡೆ ಜನ ಎದ್ದು ಮಂಗಳೂರಿನವರೆಗೂ ನಡೆದರು. ಆ ವರ್ಷದ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪೆನಿ ಪದಕಗಳನ್ನು ಹಂಚಿತು. ಪದಕ ಪಡೆದವರೂ ಈ ಮಣ್ಣಿನವರೇ, ಗಲ್ಲಿಗೇರಿದವರೂ ಈ ಮಣ್ಣಿನವರೇ. ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಇಲ್ಲಿ ನಮಗೆ ಬೇಕಿಲ್ಲ. 1834ರಲ್ಲಿ ಬಾಗಿದ ತಲೆಗಳೆಲ್ಲ ಒಂದೇ ಮಾತನ್ನು ಹೇಳಿರಲಿಲ್ಲವೆಂಬುದಂತೂ ಸ್ಪಷ್ಟ. ‘ತಲೆಬಾಗು’ ಎಂದು ಬರೆಯಬೇಕಾದಲ್ಲಿ ‘ಒಪ್ಪು’ ಎಂದು ಬರೆದುದು ಕೇವಲ ಅನುವಾದದ ದೋಷವಾಗಿ ಉಳಿಯಲಿಲ್ಲ.

ಕಾನೂನು ಈ ತೊಡಕನ್ನು ಅರಿಯದೆ ಇಲ್ಲ. ಡಾರ್ವಿನ್ನನ ಗ್ರಂಥ ಬಂದ 1872ರಲ್ಲಿಯೇ ನಮ್ಮ ದೇಶದ ಕರಾರು ಕಾಯಿದೆಯೂ ಬಂತು. ಸಮ್ಮತಿಯೆಂದರೇನೆಂದು ಅದು ಹೇಳುವ ಪರಿ ಬಹು ಸೊಗಸು: ಇಬ್ಬರು ಒಂದೇ ಸಂಗತಿಗೆ ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ‘ಒಂದೇ ಅರ್ಥದಲ್ಲಿ’ ಎಂಬ ಮಾತಿನ ಮೇಲೆ ಎಲ್ಲ ಭಾರವೂ ಬಿದ್ದಿದೆ. ಅದೇ ವರ್ಷದ ಸಾಕ್ಷ್ಯ ಕಾಯಿದೆ, ಮಾತನಾಡಲಾರದ ಸಾಕ್ಷಿ ಬರೆದೋ ಸನ್ನೆಯಿಂದಲೋ ಸಾಕ್ಷ್ಯ ಹೇಳಬಹುದೆಂದು ಅವಕಾಶವಿತ್ತಿತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಆ ಅವಕಾಶ ಉಳಿದಿದೆ. ಕುತ್ತಿಗೆಗೆ ಏಟುಬಿದ್ದು ದನಿ ಕಳೆದುಕೊಂಡ ಹೆಣ್ಣುಮಗಳು ಸಾಯುವ ಮುನ್ನ ಕೈಸನ್ನೆಯಿಂದ ಕೊಟ್ಟ ಉತ್ತರವನ್ನು ಅಲಹಾಬಾದಿನ ಉಚ್ಚ ನ್ಯಾಯಾಲಯ 1885ರಷ್ಟು ಹಿಂದೆಯೇ ಮರಣಕಾಲದ ಹೇಳಿಕೆಯೆಂದು ಸ್ವೀಕರಿಸಿತ್ತು. 1994ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ತಲೆಯಾಡಿಸಿ ಕೊಟ್ಟ ಇಂಥ ಹೇಳಿಕೆಗೂ ಬೆಲೆಯುಂಟೆಂದು ತೀರ್ಮಾನಿಸಿತು. ಆದರೆ ಎಷ್ಟು ಬೆಲೆ ಎಂಬುದು ಬರೆದುಕೊಂಡವರು ಯಾರು, ಕೇಳಿದ ಪ್ರಶ್ನೆ ಸರಳವಾಗಿತ್ತೆ, ತೊಡಕಾಗಿತ್ತೆ, ತಲೆಯ ಸನ್ನೆ ಎಷ್ಟು ಸ್ಪಷ್ಟವಾಗಿತ್ತು ಎಂಬುದನ್ನೆಲ್ಲ ಅವಲಂಬಿಸುತ್ತದೆಂದು ಹೇಳಿತು. ಸಾಯುವವಳ ಕೊನೆಯ ಮಾತಿಗೇ ಇಷ್ಟು ಪರೀಕ್ಷೆ ಬೇಕಾದರೆ, ಬದುಕಿರುವವರ ತಲೆಯಾಟವನ್ನು ನಾವು ಒಂದು ಕ್ಷಣದಲ್ಲಿ ಅರ್ಥಮಾಡಿಕೊಂಡು ಮುಂದೆ ಹೋಗುವುದು ಹೇಗೆ?

ನಮ್ಮ ಹಿರಿಯರ ಆಚಾರವೊಂದರಲ್ಲಿ ಇದಕ್ಕೆ ತಕ್ಕ ವಿವೇಕವಿದೆ. ಕೊಡವರ ಮದುವೆಯಲ್ಲಿ ‘ಸಂಬಂಧ ಕೊಡುಪ’ ಎಂಬ ವಿಧಿಯುಂಟು. ಎಂ. ಎನ್. ಶ್ರೀನಿವಾಸರು ಕೊಡಗಿನ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾರೆ. ಎರಡು ಒಕ್ಕಗಳ ಪರವಾಗಿ ಅರುವರು ಎದುರುಬದುರು ನಿಲ್ಲುತ್ತಾರೆ. ಹೆಣ್ಣಿಗೆ ಗಂಡಿನ ಮನೆಯಲ್ಲಿ ಸಲ್ಲಬೇಕಾದ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ ಕೇಳಲಾಗುತ್ತದೆ. ಅದಕ್ಕೆ ಬಾಯಿಬಿಟ್ಟು ಉತ್ತರ ಹೇಳಬೇಕು, ನೆರೆದವರೆಲ್ಲ ಕೇಳಬೇಕು. ಅಲ್ಲಿ ಯಾರೂ ‘ತಲೆಯಾಡಿಸಿದರಲ್ಲ, ಸಾಕು’ ಎನ್ನುವುದಿಲ್ಲ. ಮೌನವೇ ಸಮ್ಮತಿ ಎಂಬ ಗಾದೆಗೆ ಆ ಚಪ್ಪರದಲ್ಲಿ ಎಡೆಯಿಲ್ಲ. ಒಪ್ಪಿಗೆ ಮುಖ್ಯವಾದಷ್ಟೂ ಅದು ಮಾತಿನಲ್ಲಿ ಬರಬೇಕೆಂಬುದನ್ನು ಆ ಕಟ್ಟಳೆಯನ್ನು ಮಾಡಿದವರು ಚೆನ್ನಾಗಿ ಅರಿತಿದ್ದರು.

ಆದರೂ ಒಂದು ಮಾತು ಉಳಿಯುತ್ತದೆ. ಆ ಪ್ರಶ್ನೋತ್ತರ ನಡೆಸುವವರು ಅರುವರು; ಯಾರ ಬದುಕನ್ನು ಕುರಿತು ಮಾತು ನಡೆದಿದೆಯೋ ಆ ಹುಡುಗಿಯಲ್ಲ. ಇದು ಒಂದು ಜನಾಂಗದ ಮಾತಲ್ಲ. ಕನ್ನಡ ನಾಡಿನ ಯಾವ ಜಾತಿಯ ಯಾವ ಮನೆಗೆ ಹೋದರೂ, ಹೆಣ್ಣು ನೋಡಲು ಬಂದವರು ಎದ್ದು ಹೋದ ಮೇಲೆ ತಂದೆ ಕೇಳುತ್ತಾನೆ: ‘ಏನಮ್ಮ, ಒಪ್ಪಿಗೆಯೆ?’ ಮಗಳು ತಲೆ ತಗ್ಗಿಸುತ್ತಾಳೆ. ಮನೆಯೆಲ್ಲ ಸಂಭ್ರಮ. ಅವಳು ಒಪ್ಪಿದಳೆಂದು ಸುದ್ದಿ. ತಲೆ ತಗ್ಗಿಸುವುದಕ್ಕೆ ನಮ್ಮ ಭಾಷೆಯಲ್ಲಿ ಒಪ್ಪಿಗೆಯೆಂಬ ಅರ್ಥವಿಲ್ಲವೆಂದು ಈಗಾಗಲೇ ನೋಡಿದೆವು. ಅದು ನಾಚಿಕೆಯಿರಬಹುದು, ಹೆದರಿಕೆಯಿರಬಹುದು, ಅಪ್ಪನ ಮುಖವನ್ನು ನೋಡಿ ಇಲ್ಲವೆನ್ನಲಾರದ ಸಂಕಟವಿರಬಹುದು. ನಿಜವಾದ ಸಂತೋಷವೂ ಇರಬಹುದು. ಆ ಮನೆಯವರಿಗೆ ಕನ್ನಡ ಗೊತ್ತಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ಅವರಿಗೆ ಬೇಕಾದ ಅರ್ಥ ಒಂದೇ, ಅದನ್ನೇ ಅವರು ಓದಿಕೊಂಡರು.

ಪರ್ಯಾಯಪದಗಳ ವಿಚಾರ ಇಲ್ಲಿಗೆ ಬಂದು ಮುಟ್ಟುತ್ತದೆ. ಒಂದು ಭಾಷೆಯಲ್ಲಿ ತಲೆದೂಗು, ತಲೆಬಾಗು, ತಲೆತಗ್ಗಿಸು, ಗೋಣು ಹಾಕು, ಹೂಂಗುಟ್ಟು, ತೂಕಡಿಸು ಎಂದು ಇಷ್ಟೊಂದು ಮಾತುಗಳಿರುವುದು ಬರಿಯ ಶಬ್ದಸಂಪತ್ತಲ್ಲ. ಒಂದೇ ಬಗೆಯಾಗಿ ಕಾಣುವ ಕ್ರಿಯೆಗಳ ಹಿಂದೆ ಬೇರೆ ಬೇರೆ ಮನಸ್ಸುಗಳಿವೆಯೆಂದು ನಮಗಿಂತ ಮುಂಚೆ ಬದುಕಿದವರು ಗಮನಿಸಿದ್ದರ ಗುರುತು ಅದು. ಇವು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆದು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ, ಆ ಗಮನವೆಲ್ಲ ವ್ಯರ್ಥವಾಗುತ್ತದೆ. ಅನುವಾದಕನಾದವನು ‘ನಾಡ್’ ಎಂಬ ಶಬ್ದ ಕಂಡಾಗ, ಕಥೆಯಲ್ಲಿ ತಲೆಯಾಡಿಸಿದವರು ಯಾರು, ಯಾರ ಮುಂದೆ, ಯಾವ ಮಾತಿಗೆ ಎಂದು ಕೇಳಿಕೊಳ್ಳದೆ ಕನ್ನಡದ ಶಬ್ದವನ್ನು ಆರಿಸಲಾರ. ಈ ಪ್ರಶ್ನೆ ಅನುವಾದಕನಿಗಷ್ಟೇ ಮೀಸಲಾಗಬಾರದು. ಕಣದಲ್ಲಿ ಲೆಕ್ಕ ಓದುವ ರೈಟರ್, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು, ನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಬರೆದುಕೊಡುವವರು, ಮಗಳ ಮುಂದೆ ಕುಳಿತ ತಂದೆ, ಎಲ್ಲರೂ ಕೇಳಿಕೊಳ್ಳಬೇಕಾದದ್ದು. ತಲೆ ಅಲ್ಲಾಡಿತು, ಸರಿ. ಅದು ಯಾವ ಅಲ್ಲಾಟ? ತಿಳಿಯದಿದ್ದರೆ, ಇನ್ನೊಮ್ಮೆ ಕೇಳಿ, ಎದುರಿನವರು ತಮ್ಮ ಮಾತಿನಲ್ಲಿ, ತಮ್ಮ ಭಾಷೆಯಲ್ಲಿ ಹೇಳುವವರೆಗೆ ಸ್ವಲ್ಪ ಕಾಯುವುದು. ಅದಕ್ಕೆ ಹಿಡಿಯುವ ಹೊತ್ತು ಬಹಳವಲ್ಲ.